ಅಲ್ಬೇನಿಯಾಗೆ ಹೋದರೆ ಶ್ಕೋಡರ್‌ಗೆ ಒಂದು ದಿನ ಇಡಿ

ಅಲ್ಬೇನಿಯಾಗೆ ಹೋಗುವವರು ಸಾಮಾನ್ಯವಾಗಿ ಕಡಲತೀರ ನೋಡಿ ವಾಪಸ್ ಬರುತ್ತಾರೆ. ಕಮ್ಯುನಿಸಂ ಬಿದ್ದ ಮೇಲೆ ಅಲ್ಲಿನ ಕ್ರೈಸ್ತರು ಮತ್ತೆ ಹೇಗೆ ಬದುಕು ಕಟ್ಟಿಕೊಂಡರು ಅಂತ ತಿಳಿಯುವ ಆಸೆ ಇದ್ದರೆ ಉತ್ತರದ ಶ್ಕೋಡರ್‌ಗೆ ಹೋಗಿ. ರಾಜಧಾನಿ ತಿರಾನಾದಿಂದ ಸುಮಾರು 100 ಕಿಲೋಮೀಟರ್, ಬಸ್ಸಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ. ಟಿಕೆಟ್‌ಗೆ ಅಲ್ಲಿನ ಹಣ ಲೆಕ್ ಅನ್ನು ನಗದಾಗಿ ಇಟ್ಟುಕೊಳ್ಳಿ. ಊರೊಳಗೆ ನಡೆದೇ ಓಡಾಡಬಹುದು.

ಊರಿನ ಮುಖ್ಯ ಚರ್ಚಾದ ಕೆಥೆಡ್ರಲ್‌ಗಿಂತ ಮೊದಲು 'ಸಾಕ್ಷಿ ಮತ್ತು ನೆನಪಿನ ತಾಣ' ಎಂಬ ಮ್ಯೂಸಿಯಂ ನೋಡಿ. ಕಮ್ಯುನಿಸ್ಟ್ ಆಡಳಿತದ ರಹಸ್ಯ ಪೊಲೀಸರು ಜನರನ್ನು ಕೂಡಿಹಾಕಿ ಹಿಂಸಿಸುತ್ತಿದ್ದ ಜಾಗ ಅದು. ಸೆರೆಕೋಣೆಗಳು ಹಾಗೇ ಇವೆ. ಚಿಕ್ಕ ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಬೇಡಿ. ತೆರೆಯುವ ಸಮಯವನ್ನು ಹಿಂದಿನ ದಿನವೇ ವಿಚಾರಿಸಿ.

ಅದನ್ನು ನೋಡಿದ ಮೇಲೆ ಸಂತ ಸ್ತೆಫಾನರ ಕೆಥೆಡ್ರಲ್‌ಗೆ ಕಾಲಿಟ್ಟಾಗ ಮನಸ್ಸು ಬೇರೆಯೇ ಆಗಿರುತ್ತದೆ. 1967ರಲ್ಲಿ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾ ಸರ್ಕಾರ ದೇಶದ ಎಲ್ಲ ಚರ್ಚು, ಮಸೀದಿಗಳನ್ನು ಮುಚ್ಚಿಸಿತು. ಈ ಕೆಥೆಡ್ರಲ್ ಒಳಾಂಗಣ ಕ್ರೀಡಾಂಗಣವಾಯಿತು. 1990ರ ನವೆಂಬರ್ 4ರಂದು, 26 ವರ್ಷ ಜೈಲಿನಲ್ಲಿದ್ದು ಬಂದ ಫಾದರ್ ಸಿಮೋನ್ ಜುಬಾನಿ ಈ ಊರಿನ ಸ್ಮಶಾನದಲ್ಲಿ ಬಹಿರಂಗವಾಗಿ ಬಲಿಪೂಜೆ (ಕ್ಯಾಥೊಲಿಕರ ಮಾಸ್) ಅರ್ಪಿಸಿದರು. ಆ ಸ್ಮಶಾನಕ್ಕೂ ಹೋಗಿ, ಒಂದು ಹಿಡಿ ಹೂವು ತಗೊಂಡು ಹೋಗಿ. 1993ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಈ ಕೆಥೆಡ್ರಲ್‌ಗೆ ಬಂದು ನಾಲ್ವರಿಗೆ ಬಿಷಪ್ ದೀಕ್ಷೆ ಕೊಟ್ಟರು.

ಚರ್ಚಿನ ಬಾಗಿಲು ತೆರೆದದ್ದು ದೊಡ್ಡದೇ. ಆದರೆ ನನ್ನನ್ನು ಕಾಡಿದ್ದು ಆಮೇಲಿನ ಕೆಲಸ. ಹಿಂಸಿಸಿದವರು, ಚಾಡಿ ಹೇಳಿದವರು, ಜೈಲು ಅನುಭವಿಸಿದವರು ಅದೇ ಬೀದಿಗಳಲ್ಲಿ ಬಾಳಬೇಕಾಯಿತು. ಆಡಳಿತ ಕುಸಿದ ಮೇಲೆ ಉತ್ತರದಲ್ಲಿ ಕೊಲೆಗೆ ಕೊಲೆಯೇ ಉತ್ತರ ಎನ್ನುವ ಹಳೆಯ ರಕ್ತಸೇಡು ಮತ್ತೆ ತಲೆ ಎತ್ತಿತು. ಸೇಡಿಗೆ ಹೆದರಿ ಮನೆಯಿಂದ ಹೊರಗೇ ಬಾರದ ಕುಟುಂಬಗಳಿದ್ದವು. ಚರ್ಚಿನ ಗುರುಗಳು, ಸಿಸ್ಟರ್‌ಗಳು ಮನೆಮನೆಗೆ ಹೋಗಿ ರಾಜಿ ಮಾಡಿಸಲು ಹೆಣಗಿದರು. ಎರ್ನೆಸ್ಟ್ ಸಿಮೋನಿ ಎಂಬ ಗುರುಗಳನ್ನು 1963ರ ಕ್ರಿಸ್ಮಸ್ ಹಿಂದಿನ ರಾತ್ರಿ ಬಂಧಿಸಿದ್ದರು. ವರ್ಷಗಟ್ಟಲೆ ಕಠಿಣ ದುಡಿಮೆ, ಬಿಡುಗಡೆಯಾದ ಮೇಲೂ ಚರಂಡಿ ಕೆಲಸ. ಆದರೂ ಪೀಡಿಸಿದವರನ್ನು ಕ್ಷಮಿಸಿದರು. 2016ರಲ್ಲಿ ಅವರು ಕಾರ್ಡಿನಲ್ (ಪೋಪ್ ನಂತರದ ಹಿರಿಯ ಪದವಿ) ಆದರು. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ' ಅಂತ ನಾವು ಕ್ರೈಸ್ತರು ದಿನಾ ಪ್ರಾರ್ಥನೆಯಲ್ಲಿ ಸರಾಗವಾಗಿ ಹೇಳಿಬಿಡುತ್ತೇವೆ, ಅಲ್ವಾ? ಆ ಮಾತಿಗೆ ಎಷ್ಟು ಬೆಲೆ ತೆರಬೇಕು ಅಂತ ಅಲ್ಲಿ ಕೂತು ಯೋಚಿಸಿದೆ.

ಆದಷ್ಟು ಶನಿವಾರ ರಾತ್ರಿ ಅಲ್ಲೇ ಉಳಿಯಿರಿ, ಭಾನುವಾರದ ಪೂಜೆಗೆ ಸೇರಿಕೊಳ್ಳಿ. ಹಿರಿಯರು ಮಾತಿಗೆ ಸಿಕ್ಕರೆ ಜೈಲಿನ ವಿಷಯ ನೀವಾಗಿ ಕೆದಕಬೇಡಿ. ಅವರೇ ಹೇಳಿದರೆ ಬಸ್ಸು ತಪ್ಪಿದರೂ ಪರವಾಗಿಲ್ಲ, ಕೂತು ಕೇಳಿ.