ಹೀರೆ ಚಪ್ಪರದ ಕೆಳಗೆ

ಈ ಸಲ ಹಿತ್ತಲಿನ ಹೀರೆ ಚಪ್ಪರದ ತುಂಬಾ ಹೂವು. ಹೀರೆ ಹೂವು ಅರಳುವುದು ಸಂಜೆ ಹೊತ್ತಿಗೆ, ಆಗ ಜೇನುಹುಳ ಕಮ್ಮಿ. ಅದಕ್ಕೇ ಗಂಡು ಹೂವು ಕಿತ್ತು, ಬುಡದಲ್ಲಿ ಪುಟ್ಟ ಮಿಡಿ ಇರುವ ಹೆಣ್ಣು ಹೂವಿಗೆ ನಾನೇ ಮೆತ್ತಗೆ ತಾಗಿಸುತ್ತೇನೆ. ಮಿಡಿ ಹಳದಿಯಾಗಿ ಉದುರದೆ ಉದ್ದವಾಯಿತು ಅಂದರೆ ಆ ಖುಷಿಯೇ ಬೇರೆ!

ಆದರೆ ಹಣ್ಣುನೊಣ ಬಿಡಬೇಕಲ್ಲ. ಎಳೆಗಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಕಾಯಿ ಸೊಟ್ಟಗಾಗಿ ಒಳಗೇ ಕೊಳೆಯುತ್ತದೆ. ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಈಗ ಮಿಡಿಗಳಿಗೆ ಕಾಗದದ ಚೀಲ ಕಟ್ಟುತ್ತಿದ್ದೇನೆ.

ಇದೇ ಕಸುಬಾದ ರೈತರು ಇಷ್ಟು ನಷ್ಟ ಹೇಗೆ ತಡೆದುಕೊಳ್ಳುತ್ತಾರೋ! ಸಂತೆಯಲ್ಲಿ ಚೌಕಾಸಿ ಮಾಡಲು ಈಗೀಗ ಬಾಯಿಯೇ ಬರುವುದಿಲ್ಲ.

ನಿನ್ನೆ ಕೊಯ್ದ ಕಾಯಿಯ ಸಿಪ್ಪೆ ಚಟ್ನಿಗಾಯಿತು, ತಿರುಳು ಬಜ್ಜಿಗೆ. ನೊಣಕ್ಕೆ ಚೀಲಕ್ಕಿಂತ ಒಳ್ಳೆ ಉಪಾಯ ಗೊತ್ತಿದ್ದರೆ ದಯವಿಟ್ಟು ಹೇಳಿ.