‘ನಾನು ನೋಡಿದೆ, ಸರಿಯಾಗೇ ಇದೆ’ ಅನ್ನುವವರಿಗೆ

“ಸೈಟ್ ಹ್ಯಾಕ್ ಆಗಿದೆ ಅಂತ ಹೇಗ್ರೀ ಗೊತ್ತಾಗುತ್ತೆ?” ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ ಅಂತ ತಿಳಿದರೆ ಮದುವೆ ಮನೆಯ ಪಂಕ್ತಿಯಲ್ಲೂ ಇದನ್ನು ಕೇಳುತ್ತಾರೆ. ಕೇಳಲಿ. ಆದರೆ ಬೆನ್ನಿಗೇ “ನಾನು ನೋಡಿದೆ, ಸರಿಯಾಗೇ ಇದೆ” ಅಂತ ಸೇರಿಸುತ್ತಾರಲ್ಲ, ಸಿಟ್ಟು ಬರುವುದು ಅಲ್ಲಿ. ನಿಮ್ಮ ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಹಾಗೆ ಕಾಣಲಿ ಅಂತಲೇ ಕಳ್ಳ ಮಾಡಿಟ್ಟಿರುತ್ತಾನೆ.

ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವ ಹಿರಿಯರೊಬ್ಬರಿಗೆ ಮೂವರು ಅತಿಥಿಗಳು ಫೋನ್ ಮಾಡಿದ್ದರು: ಗೂಗಲಲ್ಲಿ ನಿಮ್ಮ ಸೈಟ್ ಒತ್ತಿದರೆ ಶೂ ಅಂಗಡಿ ತೆರೆದುಕೊಳ್ಳುತ್ತೆ. ಇವರು ಪ್ರತಿ ಸಲ ತಮ್ಮ ಕಂಪ್ಯೂಟರಿನಲ್ಲಿ ವಿಳಾಸ ಟೈಪ್ ಮಾಡಿ ನೋಡಿ, “ನಿಮ್ಮ ಫೋನಲ್ಲೇ ಏನೋ ವೈರಸ್ ಇರಬೇಕು” ಅಂದುಬಿಟ್ಟಿದ್ದರು. ನಾಲ್ಕನೆಯವರು ಮುಂಗಡ ವಾಪಸ್ ಕೇಳಿದ ಮೇಲೆ ನನ್ನನ್ನು ಕರೆದರು.

ಗೂಗಲ್‌ನಲ್ಲಿ ಇಂಗ್ಲಿಷಿನ ‘ಸೈಟ್’ ಪದ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಅವರ ವಿಳಾಸ ಕೊಟ್ಟೆ. ಅವರ ಸೈಟಿನಲ್ಲಿದ್ದದ್ದು ಒಂಬತ್ತು ಪುಟ. ಬಂದದ್ದು ಪುಟದ ಮೇಲೆ ಪುಟ ಜಪಾನಿ ಅಕ್ಷರ, ಬ್ಯಾಗು, ಶೂ, ಯೆನ್ ಲೆಕ್ಕದ ಬೆಲೆ. ಪ್ರತಿಯೊಂದರ ವಿಳಾಸದಲ್ಲೂ ಅವರ ಎಸ್ಟೇಟಿನ ಹೆಸರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಅದು ನಮ್ಮಪ್ಪನ ಹೆಸರು ಕಣ್ರೀ” ಅಂದರು.

ಕಳ್ಳ ಸೈಟಿನೊಳಗೆ ಕೂರಿಸಿದ ಕೋಡ್, ಬಂದವರು ಯಾರು ಅಂತ ವಿಚಾರಿಸುತ್ತಿತ್ತು. ಸೈಟುಗಳನ್ನು ಓದಿ ಪಟ್ಟಿ ಮಾಡುವ ಗೂಗಲ್‌ನ ಯಂತ್ರ, ಅಂದರೆ ಬಾಟ್, ಬಂದರೆ ಜಪಾನಿ ಪುಟ, ಹುಡುಕಾಟದಿಂದ ಬಂದವರಿಗೆ ಅಂಗಡಿ, ನೇರ ವಿಳಾಸ ಟೈಪ್ ಮಾಡಿದ ಯಜಮಾನರಿಗೆ ಎಂದಿನ ಹೋಂಸ್ಟೇ. ಆ ಸೈಟ್ ಕಟ್ಟಿದ್ದ ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ, ಕಾಫಿ ಹೂವಿನ ಫೋಟೋಗಳ ನಡುವೆ ಒಂದು ಪಿಎಚ್‌ಪಿ ಫೈಲ್, ಅಂದರೆ ಸರ್ವರಿನಲ್ಲಿ ಓಡುವ ಪ್ರೋಗ್ರಾಂ, ಸಿಕ್ಕಿತು. ಫೋಟೋ ಇಡುವ ಜಾಗದಲ್ಲಿ ಅದಕ್ಕೇನು ಕೆಲಸ? ಅಳಿಸಿದೆ. ಬೆಳಗಾಗುವಷ್ಟರಲ್ಲಿ ಅಲ್ಲೇ ಇತ್ತು. ಅದನ್ನು ಮತ್ತೆ ಮತ್ತೆ ಹುಟ್ಟಿಸುವ ಒಂದು ಸಾಲು, ಹೊತ್ತು ಹೊತ್ತಿಗೆ ತಾನಾಗೇ ಕೆಲಸ ನಡೆಸುವ ಸರ್ವರಿನ ಕ್ರಾನ್‌ನಲ್ಲಿ ಕೂತಿತ್ತು. ಸೈಟಿನ ಮಾಲೀಕರಿಗೆ ಅಂತ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಗುರುತು ಪರಿಚಯವಿಲ್ಲದ ಜಿಮೇಲೊಂದು ಸೈಟಿನ ಮಾಲೀಕನಾಗಿತ್ತು.

ಬ್ರೌಸರಿನ ಕೆಂಪು ಎಚ್ಚರಿಕೆ, ಸ್ಪ್ಯಾಮ್ ಮೇಲ್ ಹೋಗುತ್ತಿದೆ ಅಂತ ಸೈಟಿಗೆ ಜಾಗ ಕೊಡುವ ಹೋಸ್ಟಿಂಗ್‌ನವರು ಖಾತೆ ನಿಲ್ಲಿಸುವುದು, ಇವೂ ಲಕ್ಷಣಗಳೇ. ಆದರೆ ಇವು ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

“ನಮ್ಮ ಸೈಟಲ್ಲಿ ಕದಿಯೋಕೆ ಏನಿದೆ?” ಅಂತಲೂ ಕೇಳುತ್ತೀರಿ. ನಿಮ್ಮ ಹೆಸರಿದೆ. ಗೂಗಲ್ ಅದನ್ನು ನಂಬುತ್ತದೆ, ಅಷ್ಟು ಸಾಕು. ನಿಮ್ಮನ್ನೇ ಆರಿಸಿಕೊಂಡು ಯಾರೂ ಬರುವುದಿಲ್ಲ, ಯಂತ್ರಗಳು ಎಲ್ಲ ಬಾಗಿಲನ್ನೂ ತಳ್ಳಿ ನೋಡುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್‌ಗೆ ಜೋಡಿಸಿಕೊಳ್ಳುವ ಫೈಲ್ ಮ್ಯಾನೇಜರ್ ಎಂಬ ಹೆಚ್ಚುವರಿ ತಂತ್ರಾಂಶದಲ್ಲಿ, ಅಂದರೆ ಪ್ಲಗಿನ್‌ನಲ್ಲಿ, ತೂತು ಸಿಕ್ಕಿತು. 7 ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿ ಆ ಪ್ಲಗಿನ್ ಇತ್ತು. ಒಳಗೆ ಫೈಲ್ ಹಾಕಲು ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. 6.9ನೇ ಆವೃತ್ತಿಯಲ್ಲಿ ಅದನ್ನು ಮುಚ್ಚುವ ಮೊದಲೇ ದಾಳಿ ಶುರುವಾಗಿತ್ತು.

ನನ್ನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನಮ್ಮ ಸೈಟಿನ ಕೀಲಿ ಯಾರ್ಯಾರ ಹತ್ತಿರ ಇದೆ? ಈ ಯಜಮಾನರಿಗೆ ಅದು ಗೊತ್ತಿರಲಿಲ್ಲ. ಸೈಟ್ ಮಾಡಿಕೊಟ್ಟ ಹುಡುಗ ಬೇರೆ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾದರೂ ಅವನ ಅಡ್ಮಿನ್ ಖಾತೆ ಹಾಗೇ ಇತ್ತು. ಸೈಟಿಗೆ ರೂಪ ಕೊಡುವ ಥೀಮ್, ದುಡ್ಡು ಕೊಡದೆ ಎಲ್ಲಿಂದಲೋ ಇಳಿಸಿಕೊಂಡ ಕದ್ದ ಪ್ರತಿ, ಒಮ್ಮೆಯೂ ಅಪ್‌ಡೇಟ್ ಆಗಿರಲಿಲ್ಲ. ಬಳಕೆದಾರರ ಪಟ್ಟಿ ತೆಗೆದು ಒಂದೊಂದೇ ಹೆಸರು ಓದಿದೆ. “ಇವರು ಯಾರು?” ಅಂತ ಐದು ಸಲ ಕೇಳಿದೆ, ಮೂರು ಸಲ ಅವರು ಸುಮ್ಮನಿದ್ದರು.

ಅವತ್ತು ಸಂಜೆ ಅವರಿಂದಲೇ ಆ ಮೂವರು ಅತಿಥಿಗಳಿಗೂ ಫೋನ್ ಮಾಡಿಸಿದೆ. ಒಬ್ಬರ ಹತ್ತಿರ ಸ್ಕ್ರೀನ್‌ಶಾಟ್ ಇನ್ನೂ ಇತ್ತು. ಅದರ ತಾರೀಖು ನೋಡಿ, ಅದಕ್ಕೂ ಎರಡು ತಿಂಗಳು ಹಿಂದಿನ ಬ್ಯಾಕಪ್ ತೆಗೆದು, ಆ ಪಿಎಚ್‌ಪಿ ಫೈಲ್ ಅದರಲ್ಲೂ ಇದೆಯೇ ಅಂತ ಹುಡುಕಲು ಕೂತೆ.