ಬೈತಖೋಲದಲ್ಲಿ ಆಗಸ್ಟ್ 1

ಹನ್ನೊಂದು ವರ್ಷ ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಬರೆದವನು ನಾನು. ರಾಶಿ, ಚಾಲಿ, ಬೆಟ್ಟೆ ಎಲ್ಲವೂ ಬೆರಳಿಗೇ ಗೊತ್ತಿದ್ದವು. ಕಳೆದ ವಾರ ಆ ಕೆಲಸ ಬಿಟ್ಟು, ದೇವಿಮನೆ ಘಟ್ಟ ಇಳಿದು, ಕಾರವಾರಕ್ಕೆ ಬಂದೆ. ಇಲ್ಲಿ ಮೀನು ಸಾಗಾಟದ ಲೆಕ್ಕ. ಬಂಗಡೆ ಯಾವುದು, ತಾರ್ಲೆ ಯಾವುದು ಎಂದು ನನಗಿಂತ ಅರ್ಧ ವಯಸ್ಸಿನ ಹುಡುಗರಿಂದ ಕಲಿಯುತ್ತಿದ್ದೇನೆ.

ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ 61 ದಿನ ನಿಷೇಧವಿತ್ತು. ನಿನ್ನೆಗೆ ಮುಗಿಯಿತು. ಇಂದು ನಸುಕಿನಲ್ಲೇ ಬೈತಖೋಲ ಬಂದರಿಗೆ ಹೋಗಿದ್ದೆ. ಹೊಸ ಬಣ್ಣ ಬಳಿದ ದೋಣಿಗಳ ಮೂತಿಗೆ ಹೂಮಾಲೆ, ಅಗರಬತ್ತಿಯ ಹೊಗೆ, ಒಡೆದ ತೆಂಗಿನಕಾಯಿ, ಡೀಸೆಲ್ ವಾಸನೆ. ಮಳೆಗಾಲವಿಡೀ ಹರಿದ ಬಲೆ ಹೆಣೆದ ಹಿರಿಯರೊಬ್ಬರು, ‘ಎಷ್ಟು ವರ್ಷವಾದರೂ ಮೊದಲ ದಿನ ಎದೆ ಹೊಡೆದುಕೊಳ್ಳುತ್ತದೆ’ ಎಂದರು. ನಲವತ್ತೆರಡರಲ್ಲಿ ಅಳುಕುವುದು ನನ್ನದೇ ದೌರ್ಬಲ್ಯವೆಂದು ತಿಳಿದಿದ್ದೆನಲ್ಲ! ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಅಷ್ಟರಲ್ಲಿ ದೋಣಿ ಹೊರಟೇಬಿಟ್ಟಿತು.

ಒಂಬತ್ತೂವರೆಗೆ ಕಚೇರಿ. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಬಾಡಿಗೆ ಕೋಣೆಯ ಕಿಟಕಿಯಲ್ಲಿದೆ. ಅದರಾಚೆ ಸಮುದ್ರ.